ಬೀಗ ಹಾಕಿದ ಮನೆಗೆ ಏಳು ಚಟ್ಟಿ: ಮಾರಾಟಕ್ಕಿರುವ ಮನೆಯೊಳಗೆ ಯಾವ ಗಿಡ, ಎಲ್ಲಿ, ಹೇಗೆ

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ನನ್ನ ಸೋದರಮಾವನ ಮನೆ ಇತ್ತು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಕಾವಿ ನೆಲದ ಚಾವಡಿ, ಹಿಂದಿನ ಗುಡ್ಡೆಯಲ್ಲಿ ಬೇಸಿಗೆಯಲ್ಲೂ ಬತ್ತದ ನೀರಿನ ಸುರಂಗ. ಮಾವ ತೀರಿಕೊಂಡ ಮೇಲೆ ಅತ್ತೆ ಮಗನ ಜೊತೆ ಬೆಂಗಳೂರಿಗೆ ಹೋದರು. ಮನೆ ಮಾರುವುದೆಂದು ತೀರ್ಮಾನವಾದಾಗ ಬೀಗದ ಕೈ ನನ್ನ ಹತ್ತಿರ ಬಂತು. ಹದಿನೈದು ದಿನಕ್ಕೊಮ್ಮೆ ಹೋಗಿ ಬಾಗಿಲು ತೆರೆದು ಗುಡಿಸುವುದು, ಯಾರಾದರೂ ನೋಡಲು ಬಂದರೆ ತೋರಿಸುವುದು ನನ್ನ ಕೆಲಸ. ಸಾಮಾನು ಖಾಲಿಯಾದ ಆ ಮನೆ ಒಳಗೆ ಕಾಲಿಟ್ಟರೆ ಮಾತು ಪ್ರತಿಧ್ವನಿಸುತ್ತಿತ್ತು. ನಾಲ್ಕು ಗಿಡ ಇಟ್ಟರೆ ಮನೆಗೆ ಜೀವ ಬಂದೀತು ಎಂದು ಮೇ ತಿಂಗಳ ಕೊನೆಗೆ ಹದಿನೆಂಟು ಚಟ್ಟಿ ತಂದು ಸಾಲಾಗಿ ಜೋಡಿಸಿದೆ. ಹೆಚ್ಚಿನವು ಪೀಸ್ ಲಿಲಿ ಮತ್ತು ಫರ್ನ್.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಎರಡು ವಾರ ಅತ್ತ ಹೋಗಲಾಗಲಿಲ್ಲ. ಬದಿಯಡ್ಕದಿಂದ ಒಂದು ಕುಟುಂಬ ನೋಡಲು ಬರುತ್ತದೆಂದು ಗೊತ್ತಾಗಿ ಬಾಗಿಲು ತೆರೆದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಲಿಲಿಗಳ ಬುಡ ಕಂದಾಗಿ ಲೋಳೆಯಾಗಿತ್ತು, ಚಟ್ಟಿಯ ಮಣ್ಣಿನ ಮೇಲೆ ಬಿಳಿ ಬೂಸು. ಬಂದವರಲ್ಲಿ ಹಿರಿಯರೊಬ್ಬರು ಹೊಸ್ತಿಲಲ್ಲೇ ನಿಂತು, "ಗೋಡೆಗೆ ಥಂಡಿ ಇದೆಯೇ?" ಎಂದು ಕೇಳಿದರು. ಗೋಡೆ ಗಟ್ಟಿಯಾಗಿತ್ತು, ಒಣಗಿತ್ತು. ವಾಸನೆ ಬರುತ್ತಿದ್ದದ್ದು ನಾನು ತಂದಿಟ್ಟ ಚಟ್ಟಿಗಳಿಂದ. ಅವರು ಮತ್ತೆ ಬರಲಿಲ್ಲ.

ಆರೈಕೆ ಹೆಚ್ಚು ಬೇಡದ ಗಿಡ ಎಂದು ಬೇರೆ ಊರಿನವರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ನೀರಿಲ್ಲದೆ ಬದುಕುವ ಗಿಡ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾಸರಗೋಡಿನಲ್ಲಿ ಅಷ್ಟು ಸಾಲದು. ಇಳಿಜಾರು ಮಾಡಿನ ಕೆಳಗಿನ ಕತ್ತಲೆ, ನಾಲ್ಕು ತಿಂಗಳ ತೇವ, ಮುಚ್ಚಿದ ಬಾಗಿಲಿನ ಹಿಂದಿನ ನಿಂತ ಗಾಳಿ, ಈ ಮೂರನ್ನೂ ತಡೆಯುವ ಗಿಡ ಬೇಕು. ಆ ಲೆಕ್ಕ ಇಟ್ಟುಕೊಂಡು ಎರಡನೆಯ ಸಲ ಏಳೇ ಚಟ್ಟಿ ಇಟ್ಟೆ. ಮನೆ ಕೈದಾಟುವವರೆಗೆ ಏಳೂ ಉಳಿದವು. ಆ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಬೆಳಕು ನೋಡಿ

ನರ್ಸರಿಗೆ ಹೋಗುವ ಮೊದಲು ಒಂದು ಹಗಲು ಮನೆಯೊಳಗೆ ಕಳೆಯಿರಿ. ಗಿಡ ಇಡಬೇಕೆಂದಿರುವ ಜಾಗದಲ್ಲಿ ಮಧ್ಯಾಹ್ನ ದೀಪ ಹಾಕದೆ ಕುಳಿತು ದಿನಪತ್ರಿಕೆ ಓದಿ ನೋಡಿ. ವರ್ಗೀಕೃತ ಜಾಹೀರಾತಿನ ಸಣ್ಣ ಅಕ್ಷರ ಸಲೀಸಾಗಿ ಓದಲು ಬಂದರೆ ಅಲ್ಲಿ ಯಾವುದಾದರೂ ಒಳಾಂಗಣ ಗಿಡ ಬದುಕೀತು. ತಲೆಬರಹ ಮಾತ್ರ ಕಾಣುತ್ತದೆಯಾದರೆ ಕತ್ತಲೆ ಸಹಿಸುವ ಎರಡು ಮೂರು ಜಾತಿ ಮಾತ್ರ. ತಲೆಬರಹಕ್ಕೂ ಕಣ್ಣು ಕಿರಿದು ಮಾಡಬೇಕಾದರೆ ಅಲ್ಲಿ ಗಿಡ ಬೇಡ. ಒಂದು ಒಳ್ಳೆಯ ದೀಪ ಹಾಕಿಸಿ.

ನಮ್ಮ ಊರಿನ ಬಿಸಿಲಿನ ದಾರಿಯನ್ನೂ ತಿಳಿದಿರಬೇಕು. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ, ಮೇ–ಜುಲೈಯಲ್ಲಿ ನೆತ್ತಿಗಿಂತ ತುಸು ಉತ್ತರಕ್ಕೆ ಸರಿಯುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಚೆನ್ನಾಗಿ ಬಾಗುತ್ತಾನೆ. ಹಾಗಾಗಿ ಚಳಿಗಾಲದಲ್ಲಿ ಮನೆ ತೋರಿಸುವವರು ದಕ್ಷಿಣದ ಕಿಟಕಿಗೆ ಬಣ್ಣದೆಲೆಯ ಅಗ್ಲೋನೆಮಾ ಗಿಡ ಇಟ್ಟರೆ ಎಲೆ ಸುಟ್ಟೀತು. ಅದೇ ಕಿಟಕಿಯಲ್ಲಿ ಮಳೆಗಾಲಕ್ಕೆ ಅದೇ ಗಿಡ ಹಾಯಾಗಿರುತ್ತದೆ. ಪಶ್ಚಿಮದ ಕಿಟಕಿಯ ಸಂಜೆ ಬಿಸಿಲು ಮಾರ್ಚಿಯಿಂದ ಮೇವರೆಗೆ ಬಲು ಖಾರ.

ಹಳೆಯ ಹಂಚಿನ ಮನೆಯಾದರೆ ಮಾಡನ್ನು ಒಮ್ಮೆ ನೋಡಿ. ನಡುನಡುವೆ ಗಾಜಿನ ಹಂಚು ಕೂರಿಸಿರುತ್ತಾರೆ. ವರ್ಷಗಳ ಹಾವಸೆ, ಜೇಡರ ಬಲೆ ಮೆತ್ತಿ ಅದು ಹಂಚೋ ಗಾಜೋ ಗೊತ್ತಾಗದಂತಾಗಿರುತ್ತದೆ. ಮಾವನ ಮನೆಯ ಚಾವಡಿಯಲ್ಲಿ ಅಂಥವು ಎರಡಿದ್ದವು. ಮಾಡಿಗೆ ಹತ್ತುವ ಆಳನ್ನು ಕರೆಸಿ ಉಜ್ಜಿಸಿದ ದಿನ ಕಾವಿ ನೆಲದ ಮೇಲೆ ಹಾಳೆಯಗಲದ ಬೆಳಕಿನ ಚೌಕವೊಂದು ಬಿದ್ದು, ಬೆಳಿಗ್ಗೆಯಿಂದ ಸಂಜೆಗೆ ಗೋಡೆಯಿಂದ ಗೋಡೆಗೆ ಮೆಲ್ಲಗೆ ನಡೆಯಿತು. ಆ ಒಂದು ಕೆಲಸ ಯಾವ ಗಿಡಕ್ಕಿಂತಲೂ ಹೆಚ್ಚಾಗಿ ಚಾವಡಿಯನ್ನು ಬದಲಿಸಿತು.

ನೀರು ಹಾಕುವವರು ಯಾರು?

ಇದನ್ನು ಗಿಡ ತರುವ ಮೊದಲೇ ತೀರ್ಮಾನಿಸಿ. ಮನೆಯಲ್ಲಿ ನೀವು ವಾಸವಿದ್ದರೆ ಚಿಂತೆಯಿಲ್ಲ. ಬೀಗ ಹಾಕಿದ ಮನೆಯಾದರೆ ಒಬ್ಬರೇ ಒಬ್ಬರಿಗೆ ಹೊಣೆ ಕೊಡಿ. ಇಬ್ಬರಿಗೆ ಹೇಳಿದರೆ ಒಂದೋ ಇಬ್ಬರೂ ಹಾಕುತ್ತಾರೆ, ಇಲ್ಲವೇ ಇಬ್ಬರೂ ಬಿಡುತ್ತಾರೆ. ನನ್ನ ಮೊದಲ ಹದಿನೆಂಟು ಚಟ್ಟಿಗಳಲ್ಲಿ ಲಿಲಿಗಳು ಕೊಳೆತದ್ದಕ್ಕೆ ಅದೂ ಒಂದು ಕಾರಣ. ಮೊದಲ ವಾರ ನಾನು ಬುಡ ತುಂಬ ನೀರು ಹಾಕಿ ಬಂದಿದ್ದೆ, ಮರುದಿನ ಪಕ್ಕದ ಮನೆಯ ಅಕ್ಕ ಕನಿಕರದಿಂದ ಇನ್ನೊಂದು ಸುತ್ತು ಹಾಕಿದ್ದರು.

ಮುಂದೆ ಹೇಳುವ ಏಳು ಚಟ್ಟಿಗೆ ಬೇಸಿಗೆಯಲ್ಲಿ ಒಂದು ಸುತ್ತಿಗೆ ಒಂದು ಬಕೆಟ್ ನೀರು ಸಾಕು. ಬಾವಿಯ ತಳ ಕಾಣುವ ಏಪ್ರಿಲಿನಲ್ಲೂ ಅಷ್ಟು ನೀರಿಗೆ ತೊಂದರೆಯಾಗದು.

ನಾನು ಆರಿಸಿದ ಏಳು

*ಸ್ನೇಕ್ ಪ್ಲಾಂಟ್, ಎರಡು ಚಟ್ಟಿ.* ಕತ್ತಿಯಂತೆ ನೆಟ್ಟಗೆ ನಿಲ್ಲುವ ದಪ್ಪ ಎಲೆ. ಸಸ್ಯಶಾಸ್ತ್ರಜ್ಞರು ಇದನ್ನು ಈಗ ಡ್ರಸೀನಾ ಕುಲಕ್ಕೆ ಸೇರಿಸಿದ್ದಾರೆ, ನರ್ಸರಿಯವರು ಹಳೆಯ ಸಾನ್ಸಿವೇರಿಯಾ ಎಂಬ ಹೆಸರನ್ನೇ ಬಿಟ್ಟಿಲ್ಲ. ಎಲೆಯಲ್ಲೇ ನೀರು ಕೂಡಿಟ್ಟುಕೊಂಡು, ಹಗಲಿನ ಸೆಕೆಯಲ್ಲಿ ಎಲೆಯ ರಂಧ್ರ ಮುಚ್ಚಿ ರಾತ್ರಿ ತೆರೆಯುವ ಗಿಡವಾದ್ದರಿಂದ ಎರಡು ಮೂರು ವಾರ ಮರೆತರೂ ಬಾಡದು. ಇದನ್ನು ಕೊಲ್ಲಬಲ್ಲದ್ದು ಅತಿಯಾದ ನೀರು ಮಾತ್ರ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಕೊಡಿ. ಎಲೆಗಳ ನಡುವಿನ ಕುಳಿಗೆ ನೀರು ನಿಲ್ಲದಂತೆ ಬದಿಯಿಂದ ಹಾಕಬೇಕು. ಇದರಲ್ಲಿ ಹಳದಿ ಅಂಚಿನದು, ಬರೀ ಹಸಿರಿನದು ಎಂದು ಎರಡು ಬಗೆ ಸುಲಭವಾಗಿ ಸಿಗುತ್ತವೆ. ಮಬ್ಬು ಮೂಲೆಗೆ ಹಳದಿ ಅಂಚಿನದನ್ನೇ ಇಡಿ, ದೂರದಿಂದಲೂ ಗೆರೆ ಎದ್ದು ಕಾಣುತ್ತದೆ. ಗಾರೆ ಮಾಡದ ಕೆಂಪು ಮುರಕಲ್ಲಿನ ಗೋಡೆಯ ಎದುರು ಮಾತ್ರ ಬರೀ ಹಸಿರು ಚೆಂದ. ಕೆಂಪು ಕಲ್ಲಿನ ಒರಟಿಗೆ ಹಳದಿ ಗೆರೆಯೂ ಸೇರಿದರೆ ಕಣ್ಣಿಗೆ ಗದ್ದಲವಾಗುತ್ತದೆ.

*ಝೀಝೀ, ಒಂದು ಚಟ್ಟಿ.* ಪೂರ್ವ ಆಫ್ರಿಕಾದ ಗಿಡ, ಎಣ್ಣೆ ಹಚ್ಚಿದಂತೆ ಹೊಳೆಯುವ ಎಲೆ. ಮಣ್ಣಿನೊಳಗೆ ಆಲೂಗಡ್ಡೆಯಂಥ ಗೆಡ್ಡೆಗಳಲ್ಲಿ ನೀರು ಇಟ್ಟುಕೊಳ್ಳುತ್ತದೆ. ಕತ್ತಲೆ ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಪತ್ರಿಕೆಯ ತಲೆಬರಹ ಮಾತ್ರ ಕಾಣುವ ಓಣಿಯ ಕೊನೆಗೆ ಇದೇ ಸರಿ. ನೆಟ್ಟ ಮೇಲೆ ತಿಂಗಳುಗಟ್ಟಲೆ ಹೊಸ ಎಲೆ ಬಿಡದೆ ಇದ್ದರೂ ಗಾಬರಿ ಬೇಡ. ನಿಧಾನ ಬೆಳೆಯುವುದು ಇಲ್ಲಿ ಒಳ್ಳೆಯ ಗುಣವೇ. ಇಂದು ತೆಗೆದ ಫೋಟೊದಲ್ಲಿದ್ದಂತೆಯೇ ನಾಲ್ಕು ತಿಂಗಳ ಮೇಲೂ ಇರುತ್ತದೆ.

*ಮನಿ ಪ್ಲಾಂಟ್, ಎರಡು.* ಒಂದನ್ನು ಅಡುಗೆಮನೆಯ ಕಿಟಕಿಯಲ್ಲಿ ಗಾಜಿನ ಬಾಟಲಿಯ ನೀರಿನಲ್ಲಿ, ಇನ್ನೊಂದನ್ನು ಮಹಡಿ ಮೆಟ್ಟಿಲ ತಿರುವಿನಲ್ಲಿ ಚಟ್ಟಿಯಲ್ಲಿ ಇಟ್ಟಿದ್ದೆ. ಬಾಟಲಿಯದ್ದಕ್ಕೆ ವಾರಕ್ಕೊಮ್ಮೆ ನೀರು ಬದಲಿಸಲೇಬೇಕು, ಏಕೆಂದು ಮುಂದೆ ಹೇಳುತ್ತೇನೆ. ವಾರಕ್ಕೊಮ್ಮೆ ಹೋಗಲಾಗದವರು ಎರಡನ್ನೂ ಮಣ್ಣಿನಲ್ಲೇ ನೆಡಿ. ಬಳ್ಳಿ ಉದ್ದವಾದರೆ ಕತ್ತರಿಸಿ, ಆದರೆ ತುಂಡುಗಳನ್ನು ತೋಟಕ್ಕೆ ಎಸೆಯಬೇಡಿ. ಅದು ಅಲ್ಲೇ ಬೇರು ಬಿಟ್ಟು ತೆಂಗು, ಹಲಸು ಎನ್ನದೆ ಹತ್ತಿ ಕೆಸುವಿನಷ್ಟು ಅಗಲದ ಎಲೆ ಬಿಡುತ್ತದೆ. ಆಮೇಲೆ ಕೀಳುವುದು ಸುಲಭವಲ್ಲ.

*ಅಗ್ಲೋನೆಮಾ, ಒಂದು.* ಮನೆಗೆ ಬಣ್ಣ ಬೇಕೆಂದರೆ ಹೂವಿನ ಗಿಡಕ್ಕೆ ಹೋಗದೆ ಇದನ್ನು ತನ್ನಿ. ಕೆಂಪು, ಗುಲಾಬಿ ಎಲೆಯವಕ್ಕೆ ಬೆಳಕು ಹೆಚ್ಚು ಬೇಕು. ಬೆಳ್ಳಿ ಬಣ್ಣದ ಮಚ್ಚೆಯವು ಕಡಿಮೆ ಬೆಳಕಿನಲ್ಲೂ ನಿಭಾಯಿಸುತ್ತವೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಬೇಡುವುದರಿಂದ ಈ ಏಳರಲ್ಲಿ ತುಸು ಹೆಚ್ಚು ಗಮನ ಕೇಳುವುದು ಇದೇ. ಅಷ್ಟು ಹೋಗಿ ಬರಲಾಗದವರು ಇದರ ಬದಲು ಇನ್ನೊಂದು ಝೀಝೀ ಇಡಬಹುದು.

*ರಬ್ಬರ್ ಪ್ಲಾಂಟ್, ಒಂದು, ಮನೆಯೆದುರಿನ ತೆರೆದ ಜಗಲಿಗೆ, ಅಂದರೆ ಸಿಟೌಟ್‌ಗೆ.* ಇದು ಪೆರ್ಲ, ಮುಳ್ಳೇರಿಯಾದ ಕಡೆ ಗುಡ್ಡೆ ತುಂಬ ಹಾಲು ಕಡಿಯುವ ರಬ್ಬರ್ ಮರವಲ್ಲ. ಅದು ಹೀವಿಯಾ, ಇದು ಆಲ–ಅಶ್ವತ್ಥಗಳ ಬಳಗದ ಫೈಕಸ್. ದಪ್ಪ, ಕಡು ಬಣ್ಣದ ಎಲೆ, ನೆಟ್ಟಗಿನ ಕಾಂಡ. ಮಳೆಯ ಎರಚಲು ತಡೆಯುತ್ತದೆ, ಬೆಳಿಗ್ಗೆಯ ಬಿಸಿಲನ್ನು ಬೇಡುತ್ತದೆ. ಮನೆಗೆ ಬರುವವರ ಕಣ್ಣಿಗೆ ಮೊದಲು ಬೀಳುವ ಗಿಡವಾದ್ದರಿಂದ ಇದೊಂದನ್ನು ಎದೆಯೆತ್ತರದ್ದು ಕೊಂಡರೆ ಒಳ್ಳೆಯದು. ಪುಟ್ಟ ಗಿಡ ತಂದರೆ ವಿಶಾಲವಾದ ಸಿಟೌಟ್‌ನಲ್ಲಿ ಕಳೆದುಹೋಗುತ್ತದೆ.

ಹೆಸರಿನ ಗೊಂದಲಕ್ಕೆ ಇನ್ನೊಂದು ಉದಾಹರಣೆ ಅರೆಕಾ ಪಾಮ್. ಅಡಕೆ ಬೆಳೆಯುವ ನಮಗೆ ಹೆಸರು ಕೇಳಿದೊಡನೆ ಸಲಿಗೆ ಬರುತ್ತದೆ, ಆದರೆ ಅದು ಮಡಗಾಸ್ಕರ್ ಮೂಲದ ಬೇರೆಯೇ ತಾಳೆ ಜಾತಿ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ನಿಜ. ಒಳ್ಳೆಯ ಬೆಳಕೂ ನಿಯಮಿತ ನೀರೂ ಇಲ್ಲದಿದ್ದರೆ ಗರಿಗಳ ತುದಿ ಕಂದಾಗಿ ಒಣಗುತ್ತವೆ. ವಾಸವಿರುವ ಮನೆಗೆ ಇರಲಿ, ಬೀಗ ಹಾಕಿದ ಮನೆಗೆ ಬೇಡ.

ಮಕ್ಕಳ ವಿಷಯ ಹೇಳಲೇಬೇಕು. ಮನಿ ಪ್ಲಾಂಟ್, ಝೀಝೀ, ಅಗ್ಲೋನೆಮಾ ಮೂರೂ ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಟುಂಬದವು. ಪತ್ರೊಡೆಗೆ ಎಲೆ ಹೆಚ್ಚುವಾಗ ಕೈ ತುರಿಸುತ್ತದಲ್ಲ, ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇವುಗಳಲ್ಲೂ ಇದೆ. ಮನೆ ನೋಡಲು ಬರುವವರ ಜೊತೆ ಅಂಬೆಗಾಲಿಡುವ ಮಗುವಿದ್ದರೆ ಎಲೆ ಬಾಯಿಗೆ ಹೋಗಲು ಒಂದು ಗಳಿಗೆ ಸಾಕು. ಈ ಚಟ್ಟಿಗಳನ್ನು ಮೇಜಿನ ಎತ್ತರಕ್ಕಿಂತ ಮೇಲೆ ಇಡಿ. ನೆಲದ ಮಟ್ಟಕ್ಕೇ ಏನಾದರೂ ಬೇಕೆಂದರೆ ಸ್ಪೈಡರ್ ಪ್ಲಾಂಟ್ ವಿಷವಿಲ್ಲದ್ದು. ಡಂಬ್ ಕೇನ್ ಎಂದು ಕರೆಯುವ ಡಿಫನ್‌ಬಾಕಿಯಾವನ್ನಂತೂ ತರಲೇಬೇಡಿ. ಅದರ ರಸ ತಗಲಿದರೆ ಬಾಯಿ, ನಾಲಿಗೆ ಊದಿ ಮಾತೇ ಕಷ್ಟವಾಗುವುದರಿಂದ ಆ ಹೆಸರು ಬಂದಿದೆ.

ಕಳ್ಳಿ, ಮುಳ್ಳಿನ ಗಿಡಗಳನ್ನು ನಾನು ಬಿಟ್ಟದ್ದು ಬೇರೆ ಕಾರಣಕ್ಕೆ. ಮನೆಯೊಳಗೆ ಮುಳ್ಳು ಆಗದು ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ನಂಬಿಕೆ ಸರಿಯೋ ತಪ್ಪೋ ಎಂದು ಚರ್ಚೆ ಮಾಡುವ ಜಾಗ ಅದಲ್ಲ. ಆಂಥೂರಿಯಂ, ಆರ್ಕಿಡ್ ನಮ್ಮ ಹೆಂಗಸರು ಪ್ರೀತಿಯಿಂದ ಬೆಳೆಸುವ ಗಿಡಗಳು, ಅಂಗಳದ ಬಲೆಯ ನೆರಳಿನಲ್ಲಿ ಅವುಗಳನ್ನು ಮೀರಿಸುವವು ಇಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಹೂ ನಿಂತುಹೋಗುತ್ತದೆ. ಪ್ಲಾಸ್ಟಿಕ್ ಗಿಡವನ್ನು ನಾನು ಯಾರಿಗೂ ಹೇಳುವುದಿಲ್ಲ. ಬಂದವರು ಎಲೆ ಮುಟ್ಟಿ ನೋಡಿಯೇ ನೋಡುತ್ತಾರೆ. ಚಾವಡಿಗೆ ಬಂದ ಒಬ್ಬ ಅಜ್ಜಿ ಹೆಬ್ಬೆರಳು ತೋರುಬೆರಳ ನಡುವೆ ಝೀಝೀಯ ಎಲೆ ಹಿಡಿದು, ಉಗುರು ತಾಗಿಸಿ, ಹಸಿರು ರಸ ಕಂಡ ಮೇಲೆಯೇ ಕೈ ಬಿಟ್ಟರು. ಪ್ಲಾಸ್ಟಿಕ್ ಆಗಿದ್ದರೆ ಆಮೇಲೆ ನಾನು ಹೇಳುವ ಬಾವಿಯ ಮಾತನ್ನೂ ಮಾಡಿನ ಮಾತನ್ನೂ ಅವರು ನಂಬುತ್ತಿದ್ದರೆಂದು ನನಗನ್ನಿಸುವುದಿಲ್ಲ.

ನರ್ಸರಿಯಲ್ಲಿ

ಫೋಟೊ ತೆಗೆಯುವ ದಿನಕ್ಕಿಂತ ಕನಿಷ್ಠ ಒಂದು ತಿಂಗಳು ಮೊದಲು ಗಿಡ ಕೊಳ್ಳಿ. ನಮ್ಮ ನರ್ಸರಿಗಳಿಗೆ ತ್ರಿಶೂರಿನ ಮಣ್ಣುತ್ತಿಯಂಥ ದೂರದ ಊರುಗಳಿಂದಲೂ ಗಿಡ ಬರುತ್ತದೆ. ಹಸಿರು ಬಲೆಯ ಕೆಳಗೆ ದಿನಾ ನೀರು ಕುಡಿದು ಬೆಳೆದ ಗಿಡ ನೇರವಾಗಿ ಕತ್ತಲೆ ಕೋಣೆಗೆ ಹೋದರೆ ಹದಿನೈದು ದಿನದಲ್ಲಿ ಕೆಳಗಿನ ಎಲೆ ಹಳದಿಯಾಗಿ ಉದುರುತ್ತದೆ. ತಂದು ಮೊದಲ ವಾರ ಸಿಟೌಟ್‌ನಲ್ಲಿ, ಎರಡನೆಯ ವಾರ ಕಿಟಕಿಯ ಹತ್ತಿರ, ಮತ್ತೆ ಇರಬೇಕಾದ ಜಾಗದಲ್ಲಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಳಗೆ ತನ್ನಿ.

ಕೊಳ್ಳುವಾಗ ಎಲೆ ಮಗುಚಿ ಅಡಿ ನೋಡಿ. ಎಲೆಯ ಬುಡದಲ್ಲಿ ಹತ್ತಿಯ ಹುಡಿಯಂತೆ ಬಿಳಿಯದೇನಾದರೂ ಅಂಟಿದ್ದರೆ ಅದು ಹಿಟ್ಟು ತಿಗಣೆ, ಆ ಗಿಡ ಬೇಡ. ಮನೆಗೆ ತಂದರೆ ಉಳಿದ ಆರಕ್ಕೂ ಹಬ್ಬುತ್ತದೆ. ಸ್ನೇಕ್ ಪ್ಲಾಂಟಿನ ಬುಡವನ್ನು ಬೆರಳಲ್ಲಿ ಒತ್ತಿ, ಮೆತ್ತಗಿದ್ದರೆ ಒಳಗೆ ಕೊಳೆತ ಶುರುವಾಗಿದೆ. ಚಟ್ಟಿಯ ತಳದ ತೂತಿನಲ್ಲಿ ಬಸವನ ಹುಳು, ಅದರ ಮೊಟ್ಟೆ ಇವೆಯೇ ಎಂದೂ ನೋಡಿ.

ಮಣ್ಣು ಮತ್ತು ಚಟ್ಟಿ

ನಮ್ಮ ಕೆಂಪು ಮಣ್ಣನ್ನು ಹಾಗೆಯೇ ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನಾನು ಕಲಸುವುದು ಒಂದು ಪಾಲು ಮಣ್ಣು, ಒಂದು ಪಾಲು ತೆಂಗಿನ ನಾರಿನ ಹುಡಿ, ಒಂದು ಪಾಲು ಮರಳು ಇಲ್ಲವೇ ಸಣ್ಣ ಚರಳು. ಜೊತೆಗೆ ಒಂದೆರಡು ಹಿಡಿ ಸುಟ್ಟ ಉಮಿ. ಸ್ನೇಕ್ ಪ್ಲಾಂಟ್, ಝೀಝೀಗಳಿಗೆ ಮರಳು ಇನ್ನಷ್ಟು ಹೆಚ್ಚಿಸಿ, ನಾರಿನ ಹುಡಿ ಕಡಿಮೆ ಮಾಡಿ. ಹಟ್ಟಿಗೊಬ್ಬರ ಹಾಕಬೇಡಿ. ಮುಚ್ಚಿದ ಮನೆಯಲ್ಲಿ ಅದರ ವಾಸನೆಯೂ ನುಸಿಯೂ ನಿಲ್ಲುತ್ತವೆ, ನಾಲ್ಕಾರು ತಿಂಗಳಿಗೆ ಈ ಗಿಡಗಳಿಗೆ ಗೊಬ್ಬರವೇ ಬೇಕಾಗಿಲ್ಲ.

ಕಾವಿ ನೆಲದವರು ಗಮನಿಸಬೇಕಾದ ಒಂದು ವಿಷಯವಿದೆ. ಮಣ್ಣಿನ ಚಟ್ಟಿ ಬೆವರುತ್ತದೆ. ಅದನ್ನು ನೇರವಾಗಿ ನೆಲದ ಮೇಲಿಟ್ಟು ಒಂದು ತಿಂಗಳು ಬಿಟ್ಟರೆ ಎತ್ತಿದಾಗ ಬಿಳಿ ಬಳೆಯಂಥ ಗುರುತು ಉಳಿದಿರುತ್ತದೆ. ಐವತ್ತು ವರ್ಷ ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸಿ ಕನ್ನಡಿಯಂತೆ ಮಾಡಿದ್ದ ಅತ್ತೆಯ ನೆಲದ ಮೇಲೆ ಅಂಥ ಎರಡು ಬಳೆ ಎಬ್ಬಿಸಿದ ನೋವು ನನಗೆ ಇನ್ನೂ ಇದೆ. ನಿಂಬೆಹುಳಿಯಿಂದ ಉಜ್ಜಬೇಡಿ, ಕೆಂಪೂ ಕಿತ್ತುಬರುತ್ತದೆ. ಚಟ್ಟಿಯ ಕೆಳಗೆ ತಟ್ಟೆ, ತಟ್ಟೆಯ ಕೆಳಗೆ ಗಾಳಿಯಾಡುವಂತೆ ಮೂರು ಸಣ್ಣ ಮರದ ತುಂಡು, ಇಷ್ಟು ಮಾಡಿದರೆ ಗುರುತು ಬೀಳದು.

ಅಟ್ಟದಲ್ಲಿ ತಾಮ್ರದ ಹಂಡೆ, ಹಳೆಯ ಕಳಸೆ, ಕಂಚಿನ ಚರಿಗೆ ಏನಾದರೂ ಬಿದ್ದಿದ್ದರೆ ಹೊರಗೆ ತೆಗೆದು ತೊಳೆಯಿರಿ. ಅದರೊಳಗೆ ಮಣ್ಣು ತುಂಬಬೇಡಿ. ಗಿಡವನ್ನು ಪ್ಲಾಸ್ಟಿಕ್ ಚಟ್ಟಿಯಲ್ಲೇ ಇಟ್ಟು, ಆ ಚಟ್ಟಿಯನ್ನು ಹಂಡೆಯೊಳಗೆ ಕೂರಿಸಿ. ಪೇಟೆಯಿಂದ ತಂದ ಹೊಳೆಯುವ ಬಿಳಿ ಕುಂಡಕ್ಕಿಂತ ಹಂಚಿನ ಮನೆಗೆ ಇದು ಹೆಚ್ಚು ಹೊಂದುತ್ತದೆ. ಹೊಸ ಕಾಂಕ್ರೀಟ್ ಮನೆಯಾದರೆ ಒಂದೇ ಬಣ್ಣದ ಸಾದಾ ಕುಂಡಗಳು ಸಾಕು.

ಎಲ್ಲಿ ಇಡುವುದು, ಎಲ್ಲಿ ಇಡಬಾರದು

ಕೊಳ್ಳುವವರು ಬಾಗಿಲಿನಿಂದ ಒಳಗೆ ನಡೆಯುವ ದಾರಿಯಲ್ಲಿ ನೀವೇ ಒಮ್ಮೆ ನಡೆದು ನೋಡಿ. ಕಣ್ಣು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಒಂದು ಗಿಡ. ಮಾವನ ಮನೆಯಲ್ಲಿ ಅದು ಚಾವಡಿಯ ಕಂಬದ ಹಿಂದಿನ ಮೂಲೆ, ಮೆಟ್ಟಿಲ ತಿರುವು, ಅಡುಗೆಮನೆಯ ಕಿಟಕಿ. ಕಂಬದ ಮುಂದೆಯೇ ಚಟ್ಟಿ ಇಟ್ಟರೆ ಹಲಸಿನ ಮರದ ಕೆತ್ತನೆ ಮರೆಯಾಗುತ್ತದೆ. ಆ ಮನೆಯ ಬೆಲೆ ಇರುವುದು ಕಂಬದಲ್ಲಿ. ಕಿಟಕಿಯಿಂದ ತೋಟ, ಗುಡ್ಡೆ ಕಾಣುತ್ತಿದ್ದರೆ ಕಿಟಕಿ ಖಾಲಿ ಬಿಡಿ. ಅಡಕೆ ಮರಗಳ ಸಾಲನ್ನು ಮರೆಮಾಡಿ ಮನಿ ಪ್ಲಾಂಟ್ ತೋರಿಸುವುದರಲ್ಲಿ ಅರ್ಥವಿಲ್ಲ. ಸಣ್ಣ ಕೋಣೆಗೆ ಒಂದಕ್ಕಿಂತ ಹೆಚ್ಚು ಬೇಡ. ದೇವರ ಕೋಣೆಯನ್ನು ಹಾಗೆಯೇ ಬಿಡಿ.

ಅಂಗಳದಲ್ಲಿ ತುಳಸಿಕಟ್ಟೆಯಿದ್ದು ತುಳಸಿ ಒಣಗಿದ್ದರೆ ಒಂದು ಸಸಿ ನೆಡಿ. ಇದು ಒಳಾಂಗಣದ ಮಾತಲ್ಲ, ತುಳಸಿಗೆ ಪೂರ್ತಿ ಬಿಸಿಲು ಬೇಕು, ಬೇಸಿಗೆಯಲ್ಲಿ ದಿನಾ ನೀರೂ ಬೇಕು. ಆದರೂ ಒಣಗಿದ ಕಡ್ಡಿ ನಿಂತ ಕಟ್ಟೆ ಮನೆಯವರು ಮನೆಯನ್ನು ಕೈಬಿಟ್ಟರೆಂಬ ಭಾವನೆ ತರುತ್ತದೆ. ನಮ್ಮಲ್ಲಿ ಪಕ್ಕದ ಮನೆಯ ಅಕ್ಕ ಆ ಕೆಲಸವನ್ನು ತಾವಾಗಿ ಒಪ್ಪಿಕೊಂಡರು, ಒಳಗಿನ ಚಟ್ಟಿಗಳ ಹೊಣೆ ನನ್ನದೇ ಉಳಿಯಿತು.

ಇನ್ನು ಮುಖ್ಯ ಮಾತು. ಗೋಡೆಯ ಥಂಡಿ, ಬಿರುಕು, ಗೆದ್ದಲು ಹಿಡಿದ ಮಾಡಿನ ಪಕ್ಕಾಸು, ಯಾವುದರ ಎದುರೂ ಗಿಡ ಇಡಬೇಡಿ. ಹಾಗೆ ಮುಚ್ಚಿ ಎಂದು ಸಲಹೆ ಕೊಡುವ ದಲ್ಲಾಳಿಗಳು ಇದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣಸಿಗದ, ಮಾರುವವರಿಗೆ ಗೊತ್ತಿರುವ ಮಹತ್ವದ ದೋಷವನ್ನು ಮಾರುವವರೇ ತಿಳಿಸಬೇಕು ಎನ್ನುತ್ತದೆ. ಕಾನೂನು ಹಾಗಿರಲಿ, ನಮ್ಮದು ಸಣ್ಣ ಊರು. ಕೊಂಡವರು ನಾಳೆ ಅದೇ ಬಸ್ಸಿನಲ್ಲಿ, ಅದೇ ಜಾತ್ರೆಯಲ್ಲಿ ಎದುರು ಸಿಗುತ್ತಾರೆ. ಮಾವನ ಮನೆಯ ಬಚ್ಚಲಿನ ಗೋಡೆಯಲ್ಲಿ ಒಂದು ಕಡೆ ನಿಜವಾಗಿಯೂ ಒಸರು ಇತ್ತು. ಅಲ್ಲಿ ಚಟ್ಟಿ ಇಡದೆ, ಬಂದ ಪ್ರತಿಯೊಬ್ಬರಿಗೂ ನಾನೇ ಕೈ ತೋರಿಸಿ ಹೇಳಿದೆ. ಒಸರು ಹೇಳಿದ ಮೇಲೆ ಮಿಕ್ಕ ಗೋಡೆಗಳ ಬಗ್ಗೆ ಯಾರೂ ಅನುಮಾನ ಪಡಲಿಲ್ಲ.

ಗಾಳಿ ಶುದ್ಧವಾಗುತ್ತದೆ ಎಂಬ ಮಾತನ್ನೂ ಹೇಳಬೇಡಿ. 1989ರಲ್ಲಿ ನಾಸಾ ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆಸಿದ ಪ್ರಯೋಗದಿಂದ ಹುಟ್ಟಿದ ಮಾತು ಅದು. 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದ ಸಂಶೋಧಕರು, ಕಿಟಕಿಯ ಗಾಳಿಯಷ್ಟೇ ಕೆಲಸ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಾಗುತ್ತದೆ ಎಂದು ತೋರಿಸಿದರು. ಕಿಟಕಿ ತೆರೆದಿಡಿ, ಅದೇ ಸಾಕು.

ಮಳೆಗಾಲದ ಎಚ್ಚರಿಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣು ಆಳಕ್ಕೆ ಮಣ್ಣಿಗೆ ಇಳಿಸಿ. ತೇವ ತಾಗಿದರೆ ಅಂದು ನೀರು ಬೇಡ. ಹಾಕಿದರೆ ತಳದಿಂದ ಬಸಿಯುವಷ್ಟು ಹಾಕಿ, ಅರ್ಧ ಗಂಟೆ ಬಿಟ್ಟು ತಟ್ಟೆಯ ನೀರನ್ನು ಚೆಲ್ಲಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಚಟ್ಟಿಯ ತಟ್ಟೆಯಲ್ಲಿ ನಿಂತ ಒಂದು ಲೋಟ ನೀರೂ ಸಾಕು. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಹಿಡಿಯುತ್ತದೆ. ಬಾಟಲಿಯ ಮನಿ ಪ್ಲಾಂಟಿಗೆ ವಾರಕ್ಕೊಮ್ಮೆ ನೀರು ಬದಲಿಸಬೇಕೆಂದದ್ದು ಇದಕ್ಕೇ. ಹೋಗಲಾಗದ ವಾರವಿದ್ದರೆ ಬಾಟಲಿಯ ಬಾಯಿಗೆ ಹತ್ತಿ ತುರುಕಿ ಬನ್ನಿ.

ಮಳೆ ಬಿಟ್ಟ ದಿನ ಹೋದಾಗಲೆಲ್ಲ ಎದುರುಬದುರಿನ ಎರಡು ಕಿಟಕಿ ಒಂದು ಗಂಟೆ ತೆರೆದಿಡಿ. ಮಣ್ಣಿನ ಮೇಲೆ ಬಿಳಿ ಬೂಸು ಕಂಡರೆ ಮೇಲಿನ ಒಂದಿಂಚು ಕೆದಕಿ ತೆಗೆದು ಒಣ ಮರಳು ಹರಡಿ. ಆಟಿಯ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬಿಸಿಲೇ ಕಾಣದೆ ವಾರಗಟ್ಟಲೆ ಹೋದರೆ ಏಳು ಚಟ್ಟಿಯನ್ನೂ ಎರಡು ದಿನ ಸಿಟೌಟ್‌ಗೆ ತಂದಿಡುವುದು ಒಳ್ಳೆಯದು.

ಫೋಟೊ ಮತ್ತು ತೋರಿಸುವ ದಿನ

ಈಗ ಹೆಚ್ಚಿನ ಮನೆಗಳನ್ನು ಮೊದಲು ನೋಡುವುದು ದುಬೈಯಲ್ಲೋ ಬೆಂಗಳೂರಿನಲ್ಲೋ ಮೊಬೈಲಿನಲ್ಲಿ. ಹಿಂದಿನ ದಿನ ಒದ್ದೆ ಬಟ್ಟೆಯಿಂದ ಪ್ರತಿ ಎಲೆಯ ಎರಡೂ ಬದಿ ಒರೆಸಿ. ಹೊಳಪಿಗೆಂದು ತೆಂಗಿನೆಣ್ಣೆ ಹಚ್ಚುವ ರೂಢಿಯಿದೆ, ಹಚ್ಚಬೇಡಿ, ಎಲೆಯ ರಂಧ್ರ ಮುಚ್ಚಿ ಮೂರೇ ದಿನದಲ್ಲಿ ಧೂಳು ಅಂಟುತ್ತದೆ. ಹಳದಿಯಾದ ಎಲೆಯನ್ನು ಬುಡದಿಂದ ಕತ್ತರಿಸಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ, ಕಿಟಕಿಗೆ ಬೆನ್ನು ಹಾಕಿ ಫೋಟೊ ತೆಗೆಯಿರಿ. ಗಿಡ ಚಿತ್ರದ ಅಂಚಿನಲ್ಲಿರಲಿ, ನಡುವೆ ಕೋಣೆ ಇರಲಿ.

ಜನ ಬರುವ ಅರ್ಧ ಗಂಟೆ ಮೊದಲೇ ಬಾಗಿಲು ಕಿಟಕಿ ತೆರೆಯಿರಿ. ಆ ಹೊತ್ತಿಗೆ ನೀರು ಹಾಕಬೇಡಿ, ಒದ್ದೆ ಮಣ್ಣಿನ ವಾಸನೆ ಮುಚ್ಚಿದ ಕೋಣೆಯಲ್ಲಿ ಥಂಡಿಯಂತೆಯೇ ಮೂಗಿಗೆ ಬಡಿಯುತ್ತದೆ.

ಬೀಗದ ಕೈ ಕೊಡುವಾಗ

ಗಿಡ, ಹಂಡೆ, ಕಳಸೆ ಮನೆಯ ಜೊತೆ ಹೋಗುತ್ತವೆಯೇ ಇಲ್ಲವೇ ಎಂಬುದನ್ನು ಮುಂಗಡ ತೆಗೆದುಕೊಳ್ಳುವ ದಿನವೇ ಬಾಯಿಬಿಟ್ಟು ಹೇಳಿ, ಸಾಧ್ಯವಾದರೆ ಕರಾರಿನಲ್ಲಿ ಒಂದು ಸಾಲು ಬರೆಸಿ. ಲಕ್ಷಗಟ್ಟಲೆ ವ್ಯವಹಾರ ಸರಿಯಾಗಿ ಮುಗಿದು ಒಂದು ಹಂಡೆಗಾಗಿ ಮುಖ ಮುರಿದುಕೊಂಡವರನ್ನು ನೋಡಿದ್ದೇನೆ. ಅತ್ತೆ ಹಂಡೆಯನ್ನು ತಮ್ಮ ಹತ್ತಿರ ಇಟ್ಟುಕೊಂಡರು, ಗಿಡಗಳನ್ನು ಬಿಟ್ಟುಕೊಟ್ಟರು.

ಕೊಂಡವರು ಕುಂಬಳೆಯ ದಂಪತಿ. ನೋಂದಣಿಯಾದ ಮರುದಿನ ಅವರಿಗಾಗಿ ಒಂದು ಹಾಳೆಯಲ್ಲಿ ಏಳು ಚಟ್ಟಿಗಳ ಹೆಸರು, ಯಾವುದಕ್ಕೆ ಎಷ್ಟು ದಿನಕ್ಕೊಮ್ಮೆ ನೀರು, ಯಾವುದು ಮಗುವಿನ ಕೈಗೆ ಸಿಗಬಾರದು ಎಂದು ಬರೆದು ಅಡುಗೆಮನೆಯ ಕಿಟಕಿಯ ಬಾಟಲಿಯ ಕೆಳಗೆ ಒತ್ತಿಟ್ಟೆ. ಹಾಳೆಯ ಕೊನೆಗೆ ಗಾಜಿನ ಹಂಚನ್ನು ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಉಜ್ಜಿಸಬೇಕೆಂದೂ, ಮಾಡು ಹತ್ತುವ ಆಳು ಯಾರೆಂಬುದನ್ನು ಪಕ್ಕದ ಮನೆಯ ಅಕ್ಕನನ್ನು ಕೇಳಿದರೆ ಹೇಳುತ್ತಾರೆಂದೂ ಸೇರಿಸಿದೆ.